ಎಮ್ಮಿಯ ಕಬ್ಜಾ

ವಲಾಂಡಿ ಊರ ಕಡೆ ಆದಿವಾಸಿ ಹೊಲಗಳ ಜಗಳ ಕಡಿಮಿ ಮಾಡ್ಲಿಕ್ಕಂತ ನಾ ಮೊಬೈಲಿನಾಗ ನಕಾಶಾ ಹಿಡಕೊಂಡು ಹೋಗಿದ್ದೆ. ಹೊಲ ಮೊದಲಿಂದ ಯಾರ ಕಬ್ಜಾದಾಗ, ಅಂದ್ರ ಸ್ವಾಧೀನದಾಗ, ಐತೋ ಅವರ ಹೆಸರು ಬರ್ಕೋಬೇಕಿತ್ತು. "ಈ ಗಂಗೂಬಾಯಿ ಬಂದಿದ್ದೇ ಹ್ವಾದ ವರ್ಷರೀ, ಹೊಲ ನಂದು" ಅಂದ ಬಾಜೂ ಹೊಲದ ಬಸಪ್ಪ. ಉಪಗ್ರಹದ ಹಳೇ ಚಿತ್ರ ತೆಗೆದು ತೋರಿಸಿದೆ. ಅದೇ ಹೊಲದ ನಡಕ ಒಂದು ಕರಿ ಚುಕ್ಕಿ ಕಾಣಸ್ತು. ಬಾವಿ ಇರಬೇಕು ಅಂದೆ.

"ಎಲ್ಲೀ ಬಾವಿರೀ, ಆಕಿ ಎಮ್ಮಿ ಅದು" ಅಂತ ಅಂವಾ ಸಿಟ್ಟಿಗೆದ್ದ. "ಇದರವ್ವ, ಇದರಜ್ಜಿ, ಎಲ್ಲಾನೂ ಇಲ್ಲೇ ಕಟ್ಟ್ಯಾರ. ನಮ್ಮಪ್ಪ ಬೇಡ ಬೇಡ ಅಂತ ಹೇಳಿ ಹೇಳಿ ಸತ್ತ."

ಗಂಗೂಬಾಯಿ ಮೆಲ್ಲಗ ಅಂದಳು, "ಬಸಪ್ಪಣ್ಣ ಖರೇ ಹೇಳ್ತಾನ ತಮ್ಮಾ. ಎಮ್ಮಿ ಅಜ್ಜಿ ಕಾಲದಿಂದ ನಮ್ಮ ಕಬ್ಜಾ ಅಂತ ಬರ್ಕೋ."

ಬರ್ಕೊಂಡೆ. ನಕಾಶಾದಾಗ ಎಮ್ಮಿಗೊಂದು ಗುರುತು ಇರಲಿಲ್ಲ. ಸರಕಾರಿ ಆಫೀಸಿನ ಗುರುತೇ ಹಚ್ಚಿದೆ. ಅದೂ ಕುಂತಲ್ಲಿಂದ ಏಳಂಗಿಲ್ಲ.