ತಡಕ್ಕೆ ಕಾರಣ

ನಾನು ಬರೆದದ್ದರಲ್ಲಿ ಎಲ್ಲರೂ ಸರಿಯಾದ ವೇಳೆಗೆ ಬಂದು ಸರಿಯಾದ ವೇಳೆಗೆ ಹೊರಟುಬಿಡುತ್ತಿದ್ದರು. ಅದನ್ನೇ ನನ್ನ ಬರವಣಿಗೆಯ ದೊಡ್ಡ ಗುಣವೆಂದು ಬಹಳ ದಿನ ನಂಬಿದ್ದೆ. ಶಿಗ್ಗಾಂವಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು ನಾನು. ದಿನವಿಡೀ ಒಂದೇ ರಿಜಿಸ್ಟರು: ಬಸ್ಸು ಬಂದ ವೇಳೆ, ಹೋದ ವೇಳೆ, ಕೊನೆಯಲ್ಲೊಂದು ಅಂಕಣ, ‘ತಡಕ್ಕೆ ಕಾರಣ’. ಆ ಅಂಕಣ ಖಾಲಿ ಉಳಿದ ದಿನ ನನಗೆ ಊಟ ರುಚಿಸುತ್ತಿತ್ತು. ಈಗಲೂ ಕಿಸೆಯ ಡೈರಿಯಲ್ಲಿ ಅದೇ ಗೆರೆಗಳನ್ನೆಳೆದು ನನ್ನ ದಿನವನ್ನು ಬರೆದಿಡುತ್ತೇನೆ.

ದುಂಡಸಿಯಲ್ಲಿರುವ ನನ್ನಕ್ಕ ಒಮ್ಮೆ ಕೈ ಹಿಡಿದುಕೊಂಡಳು. “ತಮ್ಮಾ, ಅವ್ವನ ಮಾರಿ ನನಗ ಮಸಕಾಗಾಕತ್ತೈತಿ. ಪೂರ್ತಿ ಮರಿಯೂದ್ರಾಗ ಅಕೀನ್ನ ಬರದು ಕೊಡೋ.”

ಬರೆದೆ. ಅವ್ವ ಐದಕ್ಕೆ ಎದ್ದಳು, ಐದೂವರೆಗೆ ಎಮ್ಮೆ ಹಿಂಡಿದಳು, ಆರಕ್ಕೆ ರೊಟ್ಟಿ ಬಡಿದಳು. ಓದಿ ಮುಗಿಸಿದಾಗ ಅಕ್ಕ ಕಣ್ಣು ಕಿರಿದು ಮಾಡಿ ಕೇಳಿದಳು: “ಇಕಿ ಅವ್ವನೋ, ಹುಬ್ಬಳ್ಳಿ ಬಸ್ಸೋ?”

ಆ ಅವಮಾನದಿಂದಲೇ ಹಾನಗಲ್ಲಿನ ಕಾಲೇಜೊಂದರಲ್ಲಿ ಬರವಣಿಗೆಯ ಮೂರು ತಿಂಗಳ ತರಗತಿಗೆ ಸೇರಿದೆ. ನಿತ್ಯ ಅರ್ಧ ತಾಸು ಮೊದಲೇ ಹೋಗಿ, ಬೀಗ ಹಾಕಿದ ಕೋಣೆಯ ಮುಂದೆ ನಿಲ್ಲುತ್ತಿದ್ದೆ. ನನ್ನ ಮಗಳ ವಯಸ್ಸಿನ ಮೇಡಂ ನನ್ನ ‘ಅವ್ವ’ನನ್ನು ಓದಿ ನಕ್ಕರು, ಕೆಟ್ಟ ನಗೆಯಲ್ಲ. “ಸರ್, ನಿಮ್ಮ ಅವ್ವಾರು ಒಂದಿನಾನೂ ತಡ ಮಾಡ್ಲಿಲ್ಲೇನ್ರಿ?”

ಹೊರಗೆ ಬಂದು ಆ ಊರಿನ ಕೆರೆಯ ದಂಡೆಗೆ ಕೂತೆ. ಹಿಂದೆ ತೂತಿನ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟು, ಅದು ಮುಳುಗುವ ಹೊತ್ತನ್ನು ಗಳಿಗೆ ಎನ್ನುತ್ತಿದ್ದರಂತೆ. ಆ ಬಟ್ಟಲು ಕಾಯುವವನು ಒಮ್ಮೆಯಾದರೂ ಬಟ್ಟಲನ್ನು ಮರೆತು ನೀರನ್ನೇ ನೋಡುತ್ತ ಕೂತಿರಬೇಕು. ಆ ದಿನ ಊರಿನ ಹೊತ್ತೆಲ್ಲ ಎತ್ತ ಹೋಯಿತೋ! ಹೀಗೆ ಯೋಚಿಸುತ್ತಿದ್ದಾಗ ಗಾಳಿ ನಿಂತಿತು, ನೀರು ಬೆಳ್ಳಗಾಯಿತು, ಅದರೊಳಗಿಂದ ಎಂಬಂತೆ ಅವ್ವ ಎದ್ದು ಬಂದಳು.

ನಾವು ಸಣ್ಣವರಿದ್ದಾಗ ಚಿಕ್ಕೇರೂರಿನ ಸಂತೆ ಮುಗಿಸಿ ಬರುವಾಗ ಅವ್ವ ನಮ್ಮೂರ ಕೆರೆಯ ಏರಿ ಇಳಿದು, ಬುಟ್ಟಿ ಕೆಳಗಿಟ್ಟು, ಒಂದು ಕಲ್ಲಿನ ಮೇಲೆ ಕೂತುಬಿಡುತ್ತಿದ್ದಳು. ಮನೆಯಲ್ಲಿ ಎಮ್ಮೆ ಒದರುತ್ತಿರುತ್ತಿತ್ತು. “ಏನ್ ನೋಡ್ತೀಬೇ?” ಎಂದರೆ, “ಏನಿಲ್ಲೋ, ನೀರು” ಎನ್ನುತ್ತಿದ್ದಳು. ಅಷ್ಟನ್ನೇ ಬರೆದೆ. ಒಂದು ಪುಟವೂ ಆಗಲಿಲ್ಲ. ವೇಳೆ ಎಲ್ಲಿಯೂ ಹಾಕಲಿಲ್ಲ. ಹಾಕದೆ ಬಿಡುವಾಗ ಎರಡು ಸಲ ಗಡಿಯಾರ ನೋಡಿದ್ದು ನಿಜ.

ತರಗತಿ ಮುಗಿದ ಮರುದಿನ ದುಂಡಸಿಗೆ ಹೋಗಿ ಓದಿದೆ. ಅಕ್ಕ ಕಣ್ಣು ಮುಚ್ಚಿಕೊಂಡಳು. ಈ ಸಲವೂ ಸೋತೆ ಎಂದುಕೊಂಡೆ.

“ಕಾಲು ನೀರಾಗ ಬಿಟ್ಟಿರ್ತಿದ್ಲು,” ಎಂದಳು ಮೆಲ್ಲಗೆ. “ಅದನ್ನ ಬರದಿಲ್ಲ ನೀ. ಕಾಲುಂಗುರ ಹೊಳೀತಿದ್ವು. ಸೆರಗಿನ್ಯಾಗ ನಮಗಂತ ಪುಠಾಣಿ ಕಟ್ಟಿರ್ತಿದ್ಲು. ನಗೂವಾಗ ಎಡಗಡೆ ಗಲ್ಲಕ್ಕ ಕುಣಿ ಬೀಳ್ತಿತ್ತು… ಅಯ್ಯ, ಈಗ ಕಾಣಾಕತ್ಲು ನೋಡೋ!”

ಹೊರಗೆ ಶಿಗ್ಗಾಂವಿ ಬಸ್ಸು ಹಾರ್ನ್ ಹೊಡೆಯಿತು. ನಾನು ಅಭ್ಯಾಸದಂತೆ ಅರ್ಧ ಎದ್ದೆ. ಅಕ್ಕ ಅಂಗಿ ಹಿಡಿದು ಜಗ್ಗಿದಳು. “ಹೋಗ್ಲಿ ಅದು. ಇನ್ನೊಮ್ಮೆ ಓದು.”

ಓದಿದೆ. ಆಕೆ ಹೇಳಿದ್ದನ್ನೆಲ್ಲ ಸೇರಿಸಿ ಮತ್ತೊಮ್ಮೆ ಓದಿದೆ. ಇನ್ನೊಂದು ಬಸ್ಸೂ ಹೋಯಿತು. ಸಂಜೆ ಮನೆಗೆ ಬಂದು ಡೈರಿ ತೆಗೆದು, ಕೊನೆಯ ಅಂಕಣವನ್ನು ನಿಧಾನವಾಗಿ ತುಂಬಿದೆ: ‘ಅವ್ವ ಇನ್ನೂ ಕಲ್ಲಿನ ಮೇಲಿಂದ ಎದ್ದಿರಲಿಲ್ಲ.’