ಪುಕ್ಕಟೆ ಫ್ಲಾಪಿಯ ಉಪಕಾರ

ಎರಡು ತಿಂಗಳ ಹಿಂದೆ ನಾನೊಂದು ಪುಸ್ತಕವನ್ನು ಪೂರ್ತಿ ಅಳಿಸಿಹಾಕಿದೆ. ಬೇಕಂತಲೇ ಅಲ್ಲ. ಉಪಕಾರ ಮಾಡಲು ಹೋಗಿ.

ನೆಲಮಂಗಲದಲ್ಲಿ ವರಲಕ್ಷ್ಮಿಯವರದೊಂದು ಡಿಟಿಪಿ ಸೆಂಟರ್ ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಫ್ಯಾನ್ (ಅದು ಕಂಪ್ಯೂಟರ್ ಕಡೆಗೇ ತಿರುಗಿರುತ್ತದೆ). ಈ ಅಂಕಣ ಕಂಪೋಸ್ ಆಗುವುದೂ ಅಲ್ಲೇ. ಹನುಮಂತರಾಜು ಪರಿಚಯವಾದದ್ದೂ ಅಲ್ಲೇ.

ರಾಜು ದಾಬಸ್‌ಪೇಟೆಯ ಫ್ಯಾಕ್ಟರಿಯೊಂದರಲ್ಲಿ ಪ್ರೆಸ್ ಮೆಷಿನ್ ಆಪರೇಟರ್. ಜೊತೆಗಾರ ಶಿವಣ್ಣನ ಎರಡು ಬೆರಳು ಮೆಷಿನ್ನಿಗೆ ಸಿಕ್ಕಿ ಹೋದವು. ಎಚ್ಚರಿಕೆಯ ಬೋರ್ಡ್ ಎದುರಿಗೇ ಇತ್ತು, ಇಂಗ್ಲಿಷಿನಲ್ಲಿ! ಅಂದಿನಿಂದ ರಾಜು ಶಿಫ್ಟ್ ಮುಗಿಸಿ ಬಂದು, ಮೆಷಿನ್ ಹೇಗೆ ನಡೆಸಬೇಕು, ಎಲ್ಲಿ ಕೈ ಇಡಬಾರದು ಎಂದು ಕನ್ನಡದಲ್ಲಿ ಪುಸ್ತಕವೊಂದನ್ನು ಬರೆಯತೊಡಗಿದರು. ತೊಂಬತ್ತು ಪುಟ ಕಂಪೋಸ್ ಆಗಿತ್ತು.

ಆಗಲೇ ಕಂಪ್ಯೂಟರಿನ ಆಂಟಿವೈರಸ್ ಗೋಳು ಶುರುಮಾಡಿದ್ದು. ಲೈಸೆನ್ಸ್ ಮುಗಿದಿದೆ, ಹೊಸದು ಕೊಳ್ಳಿ.

"ಮುಂದಿನ್ ತಿಂಗ್ಳು ತರಿಸ್ತೀನಿ ಸಾರ್" ಎಂದರು ವರಲಕ್ಷ್ಮಿ.

"ಸುಮ್ನೆ ಯಾಕಮ್ಮ ದಂಡ? ನಾನ್ ತಂದ್ಕೊಡ್ತೀನಿ ಬಿಡಿ" ಎಂದೆ.

ಬೆಂಗಳೂರಿನ ಗೆಳೆಯನೊಬ್ಬನ ಬಳಿ ಒಂದು ಫ್ಲಾಪಿ ಇತ್ತು. ಅದರಲ್ಲಿನ ಪುಟ್ಟ ಪ್ರೋಗ್ರಾಂ ಓಡಿಸಿದರೆ ಲೈಸೆನ್ಸ್ ಇಲ್ಲದೆಯೂ ಆಂಟಿವೈರಸ್ ನಡೆಯುತ್ತದಂತೆ. ಒಂದೇ ಷರತ್ತು: ಓಡಿಸುವ ಮುಂಚೆ ಆಂಟಿವೈರಸ್ ಆಫ್ ಮಾಡಬೇಕು. ಯಾಕೆ ಎಂದು ಕೇಳುವ ಬುದ್ಧಿ ನನಗೆ ಬಂತೇ?

ಓಡಿಸಿಯೇಬಿಟ್ಟೆ. ಎರಡು ದಿನ ಎಲ್ಲ ಸರಿಯಿತ್ತು. ಮೂರನೇ ದಿನ ಕಂಪ್ಯೂಟರ್ ಶುರುವಾಗಲೇ ಇಲ್ಲ. ರಿಪೇರಿಗೆ ಬಂದವನು ತಲೆ ಅಲ್ಲಾಡಿಸಿದ. "ವೈರಸ್ ಬಂದಿರೋದೇ ಈ ಫ್ಲಾಪೀಲಿ ಸಾರ್. ಹಾರ್ಡ್ ಡಿಸ್ಕ್ ಪೂರ್ತಿ ಅಳಿಸ್ಬಿಟ್ಟೈತೆ." ಬ್ಯಾಕಪ್ ಫ್ಲಾಪಿಗಳು? ಆ ಎರಡು ದಿನದಲ್ಲಿ ಅವನ್ನೂ ಅದೇ ಕಂಪ್ಯೂಟರಿಗೆ ಹಾಕಿದ್ದೆವು. ಅವೂ ಹೋಗಿದ್ದವು.

ವರಲಕ್ಷ್ಮಿ ಆ ಫ್ಲಾಪಿಗಳನ್ನು ಒಂದೊಂದಾಗಿ ಕಸದ ಬುಟ್ಟಿಗೆ ಹಾಕಿದರು. ಬಯ್ದಿದ್ದರೇ ಚೆನ್ನಾಗಿತ್ತು.

ರಾಜುಗೆ ನಾನೇ ಹೇಳಿದೆ. "ತಪ್ಪು ನಂದು ರಾಜು. ಇವ್ರದೇನೂ ಇಲ್ಲ." ಅವರು ಕಂಪ್ಯೂಟರಿನ ಕಪ್ಪು ಪರದೆಯತ್ತ ಒಮ್ಮೆ ನೋಡಿದರು. ಆಮೇಲೆ, "ಪ್ರೂಫ್ ಹಾಳೆ ಮನೇಲವೆ ಸಾರ್. ಇನ್ನೊಂದ್ಸಲ ಟೈಪ್ ಹೊಡುದ್ರಾಯ್ತು ಬುಡಿ" ಎಂದರು.

ಕಂಪ್ಯೂಟರ್ ರಿಪೇರಿಯಾದ ಮೇಲೆ, ಭಾನುವಾರ ಶಿವಣ್ಣನನ್ನೂ ಕರೆದುಕೊಂಡು ಬಂದರು. ಇಬ್ಬರೂ ಸರದಿಯ ಮೇಲೆ ಜೋರಾಗಿ ಓದಿದರು, ವರಲಕ್ಷ್ಮಿ ಟೈಪ್ ಮಾಡಿದರು, ನಾನು ಟೀ ತಂದೆ (ನನ್ನನ್ನು ನಂಬಿ ಕೊಟ್ಟ ಕೆಲಸ ಅದೊಂದೇ). ಮಧ್ಯದಲ್ಲಿ ಶಿವಣ್ಣ ತಡೆದ.

"ಸಿಕ್ಕಾಕೊಂಡಿರೋ ಪೀಸ್ ತೆಗೀರಿ ಅಂತ ಬರ್ದಿದ್ಯಲ್ಲೋ ರಾಜು, ಮೊದ್ಲು ಮೇನ್ ಆಫ್ ಮಾಡಿ ಅಂತ ಎಲ್ಲೈತೆ? ನನ್ ಬೆರಳು ಹೋಗಿದ್ದೇ ಅಲ್ಲಿ ಕಣೋ!"

ರಾಜು ತಟ್ಟನೆ ಪೆನ್ ತೆಗೆದರು. ಮೊದಲ ಸಲ ಪ್ರೂಫ್ ನೋಡಿದ್ದ ನಮಗ್ಯಾರಿಗೂ ಅದು ಕಂಡಿರಲಿಲ್ಲ.

ನಾಲ್ಕು ಭಾನುವಾರ ಹಿಡಿಯಿತು. ಅಷ್ಟರಲ್ಲಿ ಹೊಸ ಆಂಟಿವೈರಸ್ಸನ್ನು ಲೈಸೆನ್ಸ್ ಸಮೇತ ನಾನೇ ತಂದುಕೊಟ್ಟೆ. ಮೊನ್ನೆ ಪುಸ್ತಕ ಅಚ್ಚಾಗಿ ಬಂತು. ಫ್ಯಾಕ್ಟರಿಯಲ್ಲಿ ಪ್ರತಿ ಮೆಷಿನ್ ಪಕ್ಕದಲ್ಲೂ ಒಂದೊಂದನ್ನು ದಾರ ಕಟ್ಟಿ ತೂಗುಹಾಕಿದ್ದಾರೆ. ಹೊಸದಾಗಿ ಸೇರಿದವರು ಮೊದಲು ಅದನ್ನು ಓದಿಯೇ ಮೆಷಿನ್ ಮುಟ್ಟಬೇಕಂತೆ.

"ನಿಮ್ಮಿಂದ ಪುಸ್ತಕ ಇನ್ನೂ ಚೆನ್ನಾಗಾಯ್ತು ಸಾರ್" ಎಂದು ರಾಜು ನಕ್ಕರು. ದೊಡ್ಡ ಮನಸ್ಸು.

ಆದರೆ ಆ ಪ್ರೂಫ್ ಹಾಳೆಗಳು ಮೊದಲೇ ಅವರ ಮನೆಯ ಒಲೆ ಸೇರಿದ್ದರೆ, ನಾನು ಯಾವ ಮುಖ ಹೊತ್ತು ಈ ಅಂಕಣ ಬರೆಯುತ್ತಿದ್ದೆ?