ತೇರ್ಸಿನ ನಂತರದ ಸೂಚನೆಗಳು

ಲೂರ್ದ್ ಮಿನೇಜಸ್ ಕೊಲ್ಲಿಗೆ ಬಂದ ಹದಿನೇಳು ವರ್ಷಗಳಲ್ಲಿ ಮೂರು ಕೆಲಸ ಕಳೆದುಕೊಂಡಿದ್ದಳು, ಮೂರನ್ನೂ ಸ್ವಂತ ಬಾಯಿಯಿಂದ. ಶಿರ್ವದಿಂದ ಬಂದು ದುಬೈನ ಹೋಟೆಲೊಂದರಲ್ಲಿ ಕೋಣೆ ಗುಡಿಸುವ ಕೆಲಸಕ್ಕೆ ಸೇರಿದವಳು, ಸಿಬ್ಬಂದಿಯ ಕ್ರಿಸ್ಮಸ್ ಕೂಟದಲ್ಲಿ ಮೇಲ್ವಿಚಾರಕಿ ಮಂಚದಡಿ ಧೂಳು ಹುಡುಕುವ ರೀತಿಯನ್ನು ಮಾಡಿ ತೋರಿಸಿದಳು. ಒಪ್ಪಂದ ನವೀಕರಣವಾಗಲಿಲ್ಲ. ಆಮೇಲೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಕಾರ್ಖಾನೆಯೊಂದರಲ್ಲಿ ಕಾರ್ಮಿಕರಿಗೆ ಎಚ್ಚರಿಕೆ ಪತ್ರ ಟೈಪು ಮಾಡುತ್ತಿದ್ದಳು. ಅಲ್ಲಿ, ಮ್ಯಾನೇಜರು ತನಗೆ ತಾನೇ ಕೊಟ್ಟುಕೊಂಡ ಎಚ್ಚರಿಕೆ ಪತ್ರವೆಂದು ಒಂದನ್ನು ಬರೆದು ಕ್ಯಾಂಟೀನಿನಲ್ಲಿ ಓದಿದಳು. ಮೂರನೆಯ ಕೆಲಸದಲ್ಲಿ, ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ, ನಡೆದದ್ದು ಇದಕ್ಕಿಂತ ಚಿಕ್ಕದು. ಡಾಕ್ಟರಿಗೆ ಮಾತ್ರ ಹಾಗನ್ನಿಸಲಿಲ್ಲ.

ಈ ನಡುವೆ ಅವಳಿಗೆ ಹೆಸರು ಬಂತು. ಕರಾವಳಿಯವರ ಸಂಘಗಳ ವಾರ್ಷಿಕೋತ್ಸವದಲ್ಲಿ, ಮಕ್ಕಳ ನೃತ್ಯಕ್ಕೂ ಲಕ್ಕಿ ಡ್ರಾಗೂ ನಡುವಿನ ಇಪ್ಪತ್ತು ನಿಮಿಷ ಅವಳದು. ಕನ್ನಡ, ಕೊಂಕಣಿ, ತುಳು ಬೆರೆಸಿ ತಾನೇ ಬರೆದು ಒಬ್ಬಳೇ ಆಡುತ್ತಿದ್ದಳು. ವೇದಿಕೆಯ ಮೇಲೆ ನಗುತ್ತಿರಲಿಲ್ಲ. ಕೆಳಗೂ ಹೆಚ್ಚು ನಗುತ್ತಿರಲಿಲ್ಲ.

2013ರಲ್ಲಿ ಅವಳು ಅಬುಧಾಬಿಯ ಖಾಲಿದಿಯಾದಲ್ಲಿ ಒಂದು ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಅಲ್ಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಪ್ಲೈವುಡ್ ಅಡ್ಡಗೋಡೆ ಹಾಕಿ ಐದು ಪಾಲು ಮಾಡಿದ ಫ್ಲ್ಯಾಟಿನಲ್ಲಿ, ಕಿಟಕಿಯಿದ್ದ ಪಾಲು ಅವಳಿಗೆ ಸಿಕ್ಕಿತ್ತು. ವಯಸ್ಸು ನಲವತ್ತಾರು, ಮಂಡಿನೋವು. ಊರ ಹೊರಗಿನ ಮುಸ್ಸಾಫಾದಿಂದ ಬಸ್ಸಿನಲ್ಲಿ ನಿಂತು ಬರುವ ದಿನಗಳಿಗೆ ಮರಳಲು ಅವಳಿಂದ ಸಾಧ್ಯವಿರಲಿಲ್ಲ.

ಫ್ಲ್ಯಾಟಿನ ಕರಾರು, ಎಲ್ಲರೂ ಗೌರವಕ್ಕೆ ಬಾಯಿ, ಅಂದರೆ ಅಕ್ಕ, ಎಂದು ಕರೆಯುವ ರೊಸಲಿನ್ ಬಾಯಿಯ ಹೆಸರಿನಲ್ಲಿತ್ತು. ಪಾಲು ಕೊಡುವವಳೂ ಬಿಡಿಸುವವಳೂ ಅವಳೇ. ಪ್ರತಿ ಸಂಜೆ ಏಳೂವರೆಗೆ ಎಲ್ಲ ಹೆಂಗಸರೂ ಅಡುಗೆಮನೆಯ ಮುಂದಿನ ಓಣಿಯಲ್ಲಿ ಮೊಣಕಾಲೂರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳಬೇಕು. ಅದು ಮುಗಿದ ಮೇಲೆ ಕಿರಿಯರು ಹಿರಿಯರ ಆಶೀರ್ವಾದ ಕೇಳುವುದು ಕ್ರಮ. ರೊಸಲಿನ್ ಬಾಯಿ ಪ್ರಾರ್ಥನೆಗೂ ಆಶೀರ್ವಾದಕ್ಕೂ ನಡುವೆ ಒಂದು ಜಾಗ ಕಂಡುಹಿಡಿದಿದ್ದಳು. ಎಲ್ಲರೂ ಕೈಮುಗಿದು ತಲೆ ತಗ್ಗಿಸಿರುವ ಆ ಹೊತ್ತಿನಲ್ಲಿ, ಪ್ರಾರ್ಥನೆಯ ರಾಗದಲ್ಲೇ, ಮನೆಯ ಸೂಚನೆಗಳನ್ನು ಹೇಳುತ್ತಿದ್ದಳು: ಸ್ನಾನ ಎಂಟು ನಿಮಿಷ, ಬಂಗುಡೆ ಹುರಿಯುವುದು ಶುಕ್ರವಾರ ಮಾತ್ರ, ಫ್ರಿಜ್ಜಿನಲ್ಲಿ ಹೆಸರು ಬರೆಯದ ಡಬ್ಬಿ ಕಸಕ್ಕೆ. ಕೊನೆಯಲ್ಲಿ ಯಾರೋ ಅಭ್ಯಾಸಬಲದಿಂದ ಆಮೆನ್ ಅನ್ನುತ್ತಿದ್ದರು. ಅಲ್ಲಿಗೆ ಅದು ಕಾನೂನು.

ಇದನ್ನು ಎರಡು ವರ್ಷ ಕೇಳಿಯೂ ಬರೆಯದೆ ಇರುವುದು ಲೂರ್ದಳಿಂದ ಆಗಲಿಲ್ಲ. ಆಗಸ್ಟಿನಲ್ಲಿ ರೊಸಲಿನ್ ಬಾಯಿ ರಜೆಗೆ ಊರಿಗೆ ಹೋದಳು. ಆ ಧೈರ್ಯದಲ್ಲಿ, ಸೆಪ್ಟೆಂಬರಿನ ಮೊಂತಿ ಹಬ್ಬದ, ಅಂದರೆ ಕನ್ಯಾ ಮರಿಯಮ್ಮನ ಜನ್ಮದಿನದ, ಕಾರ್ಯಕ್ರಮದಲ್ಲಿ, ಲೂರ್ದ್ ತಲೆಗೆ ದುಪಟ್ಟಾ ಹೊದ್ದು, ಜಪಮಾಲೆ ಹಿಡಿದು, ಸೂಚನೆಗಳನ್ನು ಹಾಡಿದಳು. ಸಭೆ ಉಸಿರು ಸಿಗದಂತೆ ನಕ್ಕಿತು. ಅರ್ಧದಲ್ಲಿ ಅವಳಿಗೆ ಮೂರನೇ ಸಾಲು ಕಾಣಿಸಿತು. ರೊಸಲಿನ್ ಬಾಯಿ ಹಬ್ಬಕ್ಕೆಂದು ನಾಲ್ಕು ದಿನ ಮೊದಲೇ ಮರಳಿ, ವಿಮಾನ ನಿಲ್ದಾಣದಿಂದ ನೇರ ಇಲ್ಲಿಗೇ ಬಂದು ಕುಳಿತಿದ್ದಳು. ನಗುತ್ತಿರಲಿಲ್ಲ.

ನಿಲ್ಲಿಸಬಹುದಿತ್ತು. ಅರ್ಧಕ್ಕೆ ನಿಲ್ಲಿಸಿದ್ದರಿಂದ ಯಾರಿಗಾದರೂ ಕ್ಷಮೆ ಸಿಕ್ಕಿದ್ದನ್ನು ಲೂರ್ದ್ ಕಂಡಿರಲಿಲ್ಲ. ಪೂರ್ತಿ ಆಡಿದಳು.

ಸಂಜೆ ಅವಳು, ಪಾಲು ಹೋಯಿತೆಂದೇ ತಿಳಿದು, ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸುತ್ತಿದ್ದಾಗ ಪಕ್ಕದ ಪಾಲಿನ ನರ್ಸ್ ವೆಲಿಟಾ ಇಣುಕಿದಳು.

"ಕಟ್ಟಲಿಕ್ಕೆ ನಾನು ಸೇರ್ತೇನೆ ಅಕ್ಕಾ. ಆದ್ರೆ ಈ ಕಿಟಕಿ ಪಾಲು ನಂಗೇ ಕೊಡಿ ಅಂತ ರೊಸಲಿನ್ ಬಾಯಿಗೆ ಒಂದು ಮಾತು ಹೇಳಿ."

"ನನ್ನ ಮಾತಿಗೆ ಈಗ ಬೆಲೆ ಉಂಟಾ ಮಾರಾಯ್ತಿ?"

"ಹೋಗುವವರು ಹೇಳಿದ್ದನ್ನು ಕೇಳ್ತಾರಲ್ಲ."

"ಅದು ಸಾಯುವವರದ್ದು."

"ಎರಡೂ ಒಂದೇ. ರೂಮ್ ಖಾಲಿ ಆಗ್ತದೆ."

ಏಳೂವರೆಗೆ ತೇರ್ಸ್ ಎಂದಿನಂತೆ ನಡೆಯಿತು. ಮುಗಿದಾಗ ಯಾರೂ ತಲೆಯೆತ್ತಲಿಲ್ಲ.

"ಇವತ್ತು ಸೂಚನೆ ಲೂರ್ದಳಿಗೆ ಮಾತ್ರ," ಎಂದಳು ರೊಸಲಿನ್ ಬಾಯಿ. ಆ ದಿನ ರಾಗವಿರಲಿಲ್ಲ. "ಸ್ಟೇಜಿನಲ್ಲಿ ನೀನು ಸ್ನಾನಕ್ಕೆ ಐದು ನಿಮಿಷ ಅಂದಿ. ನಾನು ಕೊಡುವುದು ಎಷ್ಟು?"

"ಎಂಟು, ಬಾಯಿ."

"ಮತ್ತೆ ಮೂರು ನಿಮಿಷ ಎಲ್ಲಿ ಹೋಯ್ತು?"

"ಐದು ಅಂದ್ರೆ ಜನ ನಗ್ತಾರೆ ಅಂತ."

"ಎಂಟಕ್ಕೆ ನಗುವುದಿಲ್ಲ ಅಂತ ನಿಂಗೆ ಯಾರು ಹೇಳಿದ್ದು? ಅಷ್ಟು ಜನರ ಮುಂದೆ ನನ್ನನ್ನು ಕಟುಕಿ ಮಾಡಿದಿ. ಬಂಗುಡೆ ಹುರಿಯುವಾಗ ಬಾಗಿಲ ಕೆಳಗೆ ಒದ್ದೆ ಟವೆಲ್ ಇಡಬೇಕು. ಅದನ್ನು ಬಿಟ್ಟೇ ಬಿಟ್ಟಿದ್ದಿ."

"ನೆನಪಾಗಲಿಲ್ಲ."

"ರೂಲ್ಸ್ ನೆನಪಿಲ್ಲದವರು ಇಲ್ಲಿ ಇರುವುದು ಹೇಗೆ?"

ಲೂರ್ದ್ ಪೆಟ್ಟಿಗೆ ಕಟ್ಟಲು ಎದ್ದಳು. ರೊಸಲಿನ್ ಬಾಯಿ ತಡೆದಳು.

"ಇನ್ನು ಎಲ್ಲಿ ಮಾಡ್ಲಿಕ್ಕುಂಟು ಇದನ್ನು?"

"ದುಬೈಯಲ್ಲಿ. ನವೆಂಬರಿಗೆ."

"ಅಷ್ಟರೊಳಗೆ ಸರಿ ಮಾಡು. ಇನ್ನು ಏನು ಬರೆದರೂ ಮೊದಲು ನಂಗೆ ತೋರಿಸಬೇಕು. ಇಲ್ಲದಿದ್ರೆ ಖಲಾಸ್, ಪಾಲು ವೆಲಿಟಾಳಿಗೆ."

ವೆಲಿಟಾ ಆಮೆನ್ ಅಂದಳು.

ನವೆಂಬರಿನಲ್ಲಿ ಜನ ಐದಕ್ಕಿಂತ ಎಂಟಕ್ಕೇ ಹೆಚ್ಚು ನಕ್ಕರು. ಒದ್ದೆ ಟವೆಲಿಗೆ ಚಪ್ಪಾಳೆಯೂ ಬಿತ್ತು. ಲೂರ್ದಳಿಗೆ ಇದು ಹಿಡಿಸಲಿಲ್ಲ. ಉತ್ಪ್ರೇಕ್ಷೆ ಮಾಡುವುದೇ ತನ್ನ ಕಸುಬೆಂದು ಅವಳು ಅಷ್ಟು ವರ್ಷ ನಂಬಿದ್ದಳು. ಆಟ ಮುಗಿದ ಮೇಲೆ ಜನ ಅಭಿನಂದಿಸಲು, ಅದು ತಾನೇ ಎಂದು ಹೇಳಿಕೊಂಡು ದುಬೈಗೂ ಬಂದಿದ್ದ ರೊಸಲಿನ್ ಬಾಯಿಯ ಕುರ್ಚಿಯ ಬಳಿ ಹೋದರು. ಅವಳು ಎಲ್ಲರ ಕೈ ಕುಲುಕಿದಳು.

ಲೂರ್ದ್ ಆ ಪಾಲಿನಲ್ಲಿ 2019ರವರೆಗೂ ಇದ್ದಳು. ಆಸ್ಪತ್ರೆಯ ಕೆಲಸವೂ ಅಷ್ಟೇ ಕಾಲ ಉಳಿಯಿತು. ಅಲ್ಲಿನ ಡಾಕ್ಟರುಗಳ ಬಗ್ಗೆ ಅವಳು ಬರೆದದ್ದನ್ನೆಲ್ಲ ರೊಸಲಿನ್ ಬಾಯಿ ಕನ್ನಡಕ ಏರಿಸಿ ಪೂರ್ತಿ ಓದಿ, "ಇದರಲ್ಲಿ ನಾನೆಲ್ಲಿ?" ಎಂದು, ಆಡಲು ಒಪ್ಪದೆ, ತಿರುಗಿ ಕೊಡುತ್ತಿದ್ದಳು.